ಜಿಲೇಬಿಯ ಬಾಣಂತನ

ಗೋವಾದ ಸಾಂಖಳಿಯ ಚಳಿ ಎಂದರೆ ಫ್ಯಾನಿನ ವೇಗ ಒಂದು ಕಡಿಮೆ ಮಾಡುವಷ್ಟು. ಅಷ್ಟಕ್ಕೇ ನನ್ನ ಸೊಸೆ ಭಾವನಾ ಕಳೆದ ಜನವರಿಯಲ್ಲಿ ಮನೆ ತಲೆಕೆಳಗು ಮಾಡಿದಳು. ನಮ್ಮ ಬಟ್ಟೆ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವಳೊಂದು ಗಿನಿಪಿಗ್ ಸಾಕಿದ್ದಾಳೆ. ನನ್ನ ಕಣ್ಣಿಗೆ ಅದು ಬಾಲವಿಲ್ಲದ ಇಲಿ, ಅವಳ ಬಾಯಲ್ಲಿ ಜಿಲೇಬಿ. ಆ ಜಿಲೇಬಿಗೆ ದಿನ ತುಂಬಿದ್ದವು. ಮರಿಗಳಿಗೆ ಚಳಿ ಆಗಿಬರದು, ತಾನು ದಿನವಿಡೀ ಅಂಗಡಿಯಲ್ಲಿರುತ್ತೇನೆ, ನೋಡಿಕೊಳ್ಳಲು ಸತ್ಯವ್ವನನ್ನು ಕರೆಸಿ ಎಂದಳು.

ಸತ್ಯವ್ವ ವಿಜಯಪುರದ ಕಡೆಯವಳು. ಗಂಡನ ಹಿಂದೆ ಕಟ್ಟಡದ ಕೆಲಸಕ್ಕೆಂದು ಗೋವಾಕ್ಕೆ ಬಂದವಳು, ಮೂವತ್ತು ವರ್ಷ ಬಾಣಂತಿಯರಿಗೆ, ಕೂಸುಗಳಿಗೆ ನೀರೆರೆದೇ ಬದುಕಿದಳು. ಇಲ್ಲಿನ ಕನ್ನಡದ ಮನೆಗಳಲ್ಲಿ ಅರ್ಧ ಜನರ ಮೂಗು ಅವಳು ತಿದ್ದಿದ್ದು. ನನ್ನ ಮಗನ ಮೂಗೂ ಅವಳದೇ ಕೈಕೆಲಸ, ಆ ಬಗ್ಗೆ ನನ್ನದೊಂದು ತಕರಾರಿದೆ. ಆದರೆ ಎರಡು ವರ್ಷದಿಂದ ಅವಳನ್ನು ಯಾರೂ ಕರೆದಿರಲಿಲ್ಲ. ಈಗಿನ ಹುಡುಗಿಯರು ಫೋನ್ ನೋಡಿಕೊಂಡೇ ಕೂಸಿಗೆ ಎರೆಯುತ್ತಾರೆ.

ಹಾಗಾಗಿ ಕರೆ ಹೋದದ್ದೇ ತಡ, ತಲೆ ಬಾಚಿಕೊಂಡು, ಕೆಂಡದ ಶೇಗಡಿ ಹೊತ್ತುಕೊಂಡು ಬಂದುಬಿಟ್ಟಳು. ಬಾಣಂತಿ ಯಾರೆಂದು ತಿಳಿದ ಮೇಲೂ ಹಿಂದೆ ಸರಿಯಲಿಲ್ಲ.

"ಹೆಣ್ಣ ಅಂದ್ರ ಹೆಣ್ಣರೀ. ಎರಡ ಕಾಲಿದ್ರೇನು, ನಾಕ ಕಾಲಿದ್ರೇನು" ಎಂದಳು.

ಬಾಣಂತಿ ಕೋಣೆಗೆ ಮಾಡುವಂತೆಯೇ ಶೆಡ್ಡಿನ ಸಂದಿಗೊಂದಿಗೆಲ್ಲ ಹಳೆಯ ಬಟ್ಟೆ ತುರುಕಿ, ಶೇಗಡಿ ಒಳಗಿಟ್ಟು, ಲೋಬಾನ ಹಾಕಿ ಬಾಗಿಲೆಳೆದಳು. ಹೊಗೆಯ ವಾಸನೆಗೆ ಭಾವನಾ ಓಡಿ ಬಂದು ಬಾಗಿಲು ತೆರೆದು ಶೇಗಡಿಯನ್ನು ಅಂಗಳಕ್ಕೆ ತಂದಳು.

"ಬಾಗಲಾ ಹಾಕಿ ಕೆಂಡ ಇಟ್ರ ಉಸರ ಕಟ್ಟಿ ಸಾಯ್ತಾವ ಆಯಿ."

"ನಾ ಎರದ ಕೂಸು ಪೊಲೀಸ್ ಆಗ್ಯಾವು. ನನಗ ಹೇಳಾಕ ಬರ್ತೀಯೇನವ್ವ?"

ಹೇಳಿದಳೇ ಹೊರತು ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಬಂದ ಒಂದು ಕರೆಯೂ ಕೈಬಿಟ್ಟುಹೋಯಿತು ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ನನಗೆ ಪಾಪ ಎನಿಸಿತು. ಒಂದು ಬಲ್ಬಾದರೂ ಹಚ್ಚೋಣ ಎಂದು ನಡುವೆ ಬಾಯಿ ಹಾಕಿದೆ. ಜಿಲೇಬಿ ವೈರ್ ಕಡಿದು ಸಾಯುತ್ತದೆ ಎಂದು ಸೊಸೆ ಮಾವನೆಂದೂ ನೋಡದೆ ನನ್ನ ಬಾಯಿಯನ್ನೂ ಮುಚ್ಚಿಸಿದಳು.

ಬಿಸಿನೀರಿನ ಬಾಟಲಿಯನ್ನು ಕೌದಿಯ ತುಂಡಿನಲ್ಲಿ ಸುತ್ತಿ ಜಿಲೇಬಿ ಮಲಗುವ ಪೆಟ್ಟಿಗೆಯ ಒಂದೇ ಬದಿಗಿಡುವುದು, ಸೆಕೆಯಾದರೆ ಜಿಲೇಬಿ ಇನ್ನೊಂದು ಬದಿಗೆ ಹೋಗಲಿ ಎಂಬುದು ಭಾವನಾಳ ಲೆಕ್ಕ. ಕೆಳಗೆ ಹಲಗೆ, ಅದರ ಮೇಲೆ ದಪ್ಪಗೆ ಒಣಹುಲ್ಲು, ಗಾಳಿ ಬೀಸುವ ಕಡೆ ಗೋಣಿಚೀಲ. ಗಾಳಿಯಾಡಲು ಶೆಡ್ಡಿನ ಮೇಲಿನ ಸಂದಿ ಮಾತ್ರ ತೆರೆದೇ ಇರಬೇಕು. ನೀರು ಎಷ್ಟು ಕಾಯಬೇಕು ಎಂದು ನೋಡಲು ಅವಳು ಫೋನ್ ತೆಗೆದಾಗ ಸತ್ಯವ್ವ ಎದ್ದು ಬಂದಳು.

"ಅದನ್ನ ನಂಗ ಬಿಡವ್ವ" ಎಂದು ಪಾತ್ರೆಯ ನೀರಿಗೆ ಮೊಣಕೈ ಅದ್ದಿ ನೋಡಿದಳು. ಸುತ್ತಿದ ಬಾಟಲಿಯನ್ನು ಕೆನ್ನೆಗೆ ಹಿಡಿದು, ಕೌದಿಯ ಇನ್ನೊಂದು ಸುತ್ತು ಬೇಕೆಂದಳು.

ಮೂರನೆಯ ಬೆಳಿಗ್ಗೆ ಮೂರು ಮರಿಗಳಾದವು. ಕಣ್ಣು ಬಿಟ್ಟುಕೊಂಡೇ, ಮೈತುಂಬ ಕೂದಲಿಟ್ಟುಕೊಂಡೇ ಹುಟ್ಟಿದ್ದವು. ಮಧ್ಯಾಹ್ನದ ಹೊತ್ತಿಗೆ ಹುಲ್ಲು ಕಡಿಯುತ್ತಿದ್ದವು. ಸತ್ಯವ್ವನಿಗೆ ಅವಮಾನವೇ ಆಯಿತು.

"ಎರಿಯಾಕ ಬರಂಗಿಲ್ಲ, ಮೂಗ ತಿದ್ದಾಕ ಬರಂಗಿಲ್ಲ. ಇವಕ್ಕ ನಾ ಯಾಕ ಬೇಕ್ರಿ?"

ಅಷ್ಟರಲ್ಲಿ ಎಲ್ಲಕ್ಕಿಂತ ಸಣ್ಣದು ತೂರಾಡುತ್ತ ಬಂದು ಕೌದಿಗೆ ಒತ್ತಿಕೊಂಡು ಮಲಗಿತು. ಸತ್ಯವ್ವ ಬಾಟಲಿ ಮುಟ್ಟಿ ನೋಡಿ, "ಆರೇತಿ" ಎಂದು ನೀರು ಕಾಯಿಸಲು ಎದ್ದಳು. ಮುಂದಿನ ಮೂರು ವಾರ ಆ ಬಾಟಲಿ ತಣ್ಣಗಾಗಲು ಬಿಡಲಿಲ್ಲ.

ಬಾಣಂತನ ಮುಗಿದಾಗ ಎರೆದವಳಿಗೆ ಸೀರೆ ಕೊಡುವುದು ನಮ್ಮಲ್ಲಿ ಪದ್ಧತಿ. ಇಲಿಗೂ ಸೀರೆಯೇ ಎಂದು ಗೊಣಗುತ್ತ ಅಂಗಡಿಯ ಕೆಳಗಿನ ಗೂಡಿನಿಂದ ಒಂದು ಸಾದಾ ಸೀರೆ ತೆಗೆದುಕೊಟ್ಟೆ. ಸತ್ಯವ್ವ ಅಂಚು ತಿರುವಿ ನೋಡಿ ಗಲ್ಲಾಪೆಟ್ಟಿಗೆಯ ಮೇಲೇ ಇಟ್ಟಳು.

"ಇದನ್ನ ಒಂದ ಕೂಸಿಗೆ ಕೊಡ್ತಾರ್ರಿ ಸಾವಕಾರ್ರ. ನನ್ನೂವು ಮೂರದಾವು."

ಎರಡು ವರ್ಷ ತಲೆ ತಗ್ಗಿಸಿಕೊಂಡು ನಮ್ಮ ಅಂಗಡಿ ಮುಂದೆ ಹಾದುಹೋಗುತ್ತಿದ್ದವಳು ಹೀಗೆ ಜಗಳಕ್ಕೆ ನಿಂತದ್ದು ಕಂಡು ನನಗೆ ನಿಜಕ್ಕೂ ಖುಷಿಯಾಯಿತು. ಇಳಕಲ್ ಸೀರೆಗಳ ಕಪಾಟು ತೆರೆದು, ನೀನೇ ಆರಿಸಿಕೋ ಎಂದೆ. ಎಲ್ಲಕ್ಕಿಂತ ದೊಡ್ಡ ಸೆರಗಿನದನ್ನೇ ಆರಿಸಿದಳು.