ಉಸಿರು ಮೇಷ್ಟ್ರು
ಆಸ್ಪತ್ರೆಯವರೆಲ್ಲ ಅವರನ್ನು ಕರೆಯುವುದೇ ಉಸಿರು ಮೇಷ್ಟ್ರು ಎಂದು. ಎಕ್ಸ್‌ರೇ ಕೋಣೆಯಲ್ಲಿ ಮೂವತ್ತು ವರ್ಷದಿಂದ ಅವರು ಹೇಳಿಕೊಡುತ್ತಿರುವ ಪಾಠ ಅದೊಂದೇ. “ಜೋರಾಗಿ ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಹಾಂ, ಬಿಡಿ.” ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವರನ್ನು ಮೊದಲು ಕೂರಿಸಿ ಸುಧಾರಿಸಿಕೊಳ್ಳಲು ಬಿಡುತ್ತಾರೆ, ಒಂದೇ ಉಸಿರಿಗೆ ಕಾಯಿಲೆಯ ಕತೆಯನ್ನೆಲ್ಲ ಒದರುವವರಿಗೆ, “ಅದನ್ನೆಲ್ಲ ಡಾಕ್ಟರಿಗೆ ಹೇಳಿ ತಾಯಿ, ನನಗೆ ಬರೀ ಉಸಿರು ಕೊಡಿ” ಎನ್ನುತ್ತಾರೆ. ಗಾಜಿನಾಚೆ ನಿಂತು ಪ್ರತಿಯೊಬ್ಬರ ಜೊತೆ ತಾವೂ ಉಸಿರು ಬಿಗಿಹಿಡಿಯುತ್ತಾರೆ. ತಮಗೆ ತಡೆಯಲಾಗದಾದಾಗಲೇ “ಬಿಡಿ” ಎನ್ನುವುದು. ಕೆಲಸ ಮುಗಿಯಿತೆಂದರೆ ಮರುದಿನದವರೆಗೆ ಉಸಿರೆತ್ತುವುದಿಲ್ಲ. ಎತ್ತಿದರೂ ಕೇಳಲು ಮನೆಯಲ್ಲಿ ಯಾರಿದ್ದಾರೆ? ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಅವಳ ಎದೆಯ ಎಕ್ಸ್‌ರೇಯನ್ನು ಕೊನೆಯ ಸಲ ತೆಗೆದವರೂ ಇವರೇ. ಆ ಫಿಲಂ ಈಗ ಅಡುಗೆಮನೆಯ ಕಿಟಕಿಯ ಗಾಜಿನ ಮೇಲಿದೆ. ಬೆಳಿಗ್ಗೆ ಅದರ ಹಿಂದೆ ಬಿಸಿಲು ಬಂದಾಗ, ಇವರು ಹೇಳಿದರೆಂದು ಅವಳು ಎದೆ ತುಂಬ ಎಳೆದುಕೊಂಡ ಉಸಿರು ಹಾಗೆಯೇ ಕಾಣುತ್ತದೆ. ಕಾಫಿ ಲೋಟ ಹಿಡಿದು ಅದರೆದುರು ಕೂರುತ್ತಾರೆ. ಊರಿಗೆಲ್ಲ “ಬಿಡಿ” ಎನ್ನುವವರು, ಅವಳಿಗೆ ಮಾತ್ರ ಇನ್ನೂ “ಬಿಡು” ಎಂದಿಲ್ಲ.