ಕಂಪನ ಅಂದರೆ ಕಂಪನಿ ಅಲ್ಲ

ದೇವನಹಳ್ಳಿ ಪಕ್ಕದ ವಿಜಯಪುರದ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಅರ್ಪಿತ ನಲ್ಲೂರಿನವಳು. ನಾನು ಕನ್ನಡ ಮೇಷ್ಟ್ರು; ಬಾಯಿ ಮುಚ್ಚಿಕೊಂಡಿರುವ ಜಾಯಮಾನ ನನ್ನದಲ್ಲ. ಅವಳು ಮಾತುಮಾತಿಗೂ 'ವೈಬ್ರೇಶನ್' ಅನ್ನುತ್ತಿದ್ದಾಗ, "ಕನ್ನಡಕ್ಕೇನು ಬರಗಾಲವೇನಮ್ಮಾ? ಕಂಪನ ಅನ್ನು" ಎಂದು ಗದರಿದವನು ನಾನೇ. ಒಳ್ಳೆಯ ಹುಡುಗಿ, ಹಾಗೇ ಅಂದಳು. ತಾನು ಪಿಎಚ್‌ಡಿ ಮಾಡಿದ ಬೆಂಗಳೂರಿನ ಲ್ಯಾಬಿನ ಗೆಳೆಯರಿಗೂ ಅದನ್ನೇ ರೂಢಿ ಮಾಡಿಸಿದಳು.

ಅವಳ ಪಿಎಚ್‌ಡಿ ಏನೆಂದು ಒಮ್ಮೆ ಕೇಳಿದೆ.

"ಅಣುವಿನೊಳಗೆ ಪರಮಾಣುಗಳನ್ನ ಹಿಡ್ಕೊಂಡಿರೋ ಬಂಧಗಳು ಸದಾ ಅಲುಗ್ತಿರ್ತವೆ ಸಾರ್, ಒಂದೊಂದಕ್ಕೆ ಒಂದೊಂದು ಲಯ. ಲೇಸರ್ ಬೆಳಕು ಬಿಟ್ಟು ಒಂದನ್ನೇ ಜೋರಾಗಿ ಅಲುಗಿಸ್ಬೇಕು, ಪಕ್ಕದ್ದು ತೆಪ್ಪಗಿರ್ಬೇಕು. ನಮ್ಮ ತೋಪಿನ ಹುಣಸೆಮರ ಹತ್ತಿ ಕುಲುಕಿದ್ರೆ ಮರವೆಲ್ಲ ಅಲ್ಲಾಡುತ್ತೆ. ನಂಗೆ ಒಂದೇ ರೆಂಬೆ ಬೇಕು."

ಬೆಳಕು ಕ್ಷಣಕ್ಷಣಕ್ಕೂ ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಅನ್ನುವ ಲೆಕ್ಕಕ್ಕೆ ಆಪ್ಟಿಮಲ್ ಕಂಟ್ರೋಲ್ ಅನ್ನುತ್ತಾರಂತೆ. ಅದಕ್ಕೆ ಕನ್ನಡ ಹುಡುಕಿ ನಾನೂ ಸೋತೆ. ಆ ಲೆಕ್ಕಕ್ಕೆ ಅವಳು ಐದು ವರ್ಷ ಸವೆಸಿದ್ದಳು. ಮುಗಿಯುವ ಹೊತ್ತಿಗೆ ಲ್ಯಾಬಿನಲ್ಲಿ ಅದಕ್ಕೆ ತಕ್ಕ ಲೇಸರ್ ಇರಲಿಲ್ಲ. ಕಾಯುತ್ತಲೇ ಕಾಲೇಜು ಸೇರಿದಳು. "ಅದು ಮೊದಲ್ನೇ ಸಲ ಅಲುಗೋವಾಗ ನಾನು ಪಕ್ಕದಲ್ಲಿರ್ಬೇಕು ಸಾರ್" ಅನ್ನುತ್ತಿದ್ದಳು. ಬೇರೆ ಯಾವ ಆಸೆಯನ್ನೂ ಅವಳ ಬಾಯಲ್ಲಿ ನಾನು ಕೇಳಲಿಲ್ಲ.

ಈ ಮಾರ್ಚಿನಲ್ಲಿ ಲೇಸರ್ ಸಿದ್ಧವಾಯಿತು. ಲ್ಯಾಬಿನ ನರೇಶ್ ಫೋನ್ ಮಾಡಿದಾಗ ಅರ್ಪಿತ ಪರೀಕ್ಷೆ ಡ್ಯೂಟಿಯಲ್ಲಿದ್ದಳು. ಒಳಗೆ ಒಯ್ಯುವಂತಿಲ್ಲವೆಂದು ಮೊಬೈಲ್ ಮನೆಯಲ್ಲೇ ಬಿಟ್ಟಿದ್ದಳು. ಎತ್ತಿಕೊಂಡವರು ತಾಯಿ ಮುನಿತಾಯಮ್ಮ.

"ಅಮ್ಮಾ, ನಾಳೆ ಕಂಪನದ ಕೆಲ್ಸ ಇದೆ, ಅರ್ಪಿತ ಬರ್ತಾರಾ?"

ವಿಮಾನ ನಿಲ್ದಾಣ ಬಂದಮೇಲೆ ದೇವನಹಳ್ಳಿ ಸೀಮೆಯಲ್ಲಿ ಕೆಲಸ ಅಂದರೆ ಕಂಪನಿಯೇ. "ಕಂಪ್ನಿ ಕೆಲ್ಸ ಅವ್ಳಿಗೆ ಬ್ಯಾಡ ಕಣಪ್ಪ. ಕಾಲೇಜಲ್ಲಿ ಪಾಠ ಮಾಡ್ಕೊಂಡು ಚೆನ್ನಾಗವ್ಳೆ" ಅಂದು ಇಟ್ಟುಬಿಟ್ಟರು. ಮಗಳಿಗೆ ಹೇಳಬೇಕೆಂದೂ ಅವರಿಗೆ ಅನ್ನಿಸಲಿಲ್ಲ. ನರೇಶ್ ಪಾಪ, ಅವಳಿಗೇ ಬೇಡವಾಗಿದೆ ಅಂದುಕೊಂಡ.

ಎರಡು ದಿನದ ಮೇಲೆ ಸ್ಟಾಫ್ ರೂಮಿನಲ್ಲಿ ಅವಳ ಮೊಬೈಲಿಗೆ ಒಂದು ಗ್ರಾಫ್ ಬಂತು. ಒಂದು ಗೆರೆ ಎದ್ದು ನಿಂತಿತ್ತು, ಮಿಕ್ಕವು ನೆಲ ಕಚ್ಚಿದ್ದವು. ನರೇಶನಿಗೆ ಫೋನ್ ಮಾಡಿ ನಡೆದದ್ದೆಲ್ಲ ಕೇಳಿ ತಿಳಿದುಕೊಂಡಳು. ಫೋನ್ ಇಟ್ಟು ನನಗೂ ಹೇಳಿದಳು. ನನ್ನ ಬಾಯಿಗೆ ಮಣ್ಣು ಹಾಕ, ವೈಬ್ರೇಶನ್ ಅಂತಲೇ ಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು?

ಸಂಜೆ ನಾನೇ ಸ್ಕೂಟರಿನಲ್ಲಿ ಮನೆಗೆ ಬಿಟ್ಟೆ. ವಿಷಯ ತಿಳಿದ ಮುನಿತಾಯಮ್ಮ ಮಗಳ ಪಕ್ಕ ಬಂದು ಕೂತರು.

"ನಿನ್ ಲೆಕ್ಕ ತಪ್ಪೋಯ್ತಾ ಮಗಾ?"

"ಇಲ್ಲಮ್ಮ, ಸರಿಯಾಗೇ ಬಂದಿದೆ."

"ಅಂಗಾರೆ ಇನ್ನೊಂದು ದಪ ಮಾಡಿ ತೋರ್ಸಿ ಅನ್ನು. ತೋರ್ಸಲ್ವಾ?"

"ತೋರಿಸ್ತಾರಮ್ಮ," ಅಂದಳು ಅರ್ಪಿತ. "ಆದ್ರೆ ಅದು ಎರಡ್ನೇ ಸಲ."