ಭಾಷೆಯ ಕಾಲಂನಲ್ಲಿ ನಾನು ಬರೆದದ್ದು

ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಬಂದು ಹನ್ನೊಂದು ವರ್ಷ. ಇಷ್ಟೂ ವರ್ಷ ಮನೆಯ ಫಾರ್ಮ್‌ಗಳನ್ನೆಲ್ಲ ತುಂಬಿದವಳು ನಾನೇ. ಗಂಡನ ಮೆದುಳಿನಲ್ಲಿ ಗಡ್ಡೆ ಇದೆ ಎಂದಾಗಲೂ ಆಸ್ಪತ್ರೆಯ ಫಾರ್ಮ್ ನನ್ನ ಕೈಗೇ ಬಂತು. ಗಡ್ಡೆ ಮಾತಿನ ಜಾಗಕ್ಕೆ ಅಂಟಿಕೊಂಡಿದೆ, ಆಪರೇಷನ್ ನಡುವೆ ಎಚ್ಚರಿಸಿ ಮಾತಾಡಿಸುತ್ತೇವೆ, ಯಾವ ಭಾಷೆಯಲ್ಲಿ ಎಂದು ಕೇಳಿದ್ದರು. ಕನ್ನಡವಾದರೆ ದುಭಾಷಿಯನ್ನು ಹುಡುಕಿ ಕರೆಸುತ್ತೇವೆ, ಆದರೆ ಆಪರೇಷನ್ ದಿನ ಮುಂದಕ್ಕೆ ಹೋಗುತ್ತದೆ ಎಂದರು. 'ಇಂಗ್ಲಿಷ್' ಎಂದು ಬರೆದೆ. ಆಫೀಸಿನಲ್ಲಿ ಇಡೀ ದಿನ ಅದನ್ನೇ ಆಡುವವರಲ್ಲವೇ! ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

ಆಪರೇಷನ್ ದಿನ ಬೆಳಿಗ್ಗೆ ನರ್ಸ್ ಅವರಿಗೆ ಲೋಟದಲ್ಲಿ ಒಂದು ಔಷಧಿ ಕೊಟ್ಟಳು. ಕುಡಿದರೆ, ನೀಲಿ ಬೆಳಕಿನಡಿ ಗಡ್ಡೆ ಮಾತ್ರ ಗುಲಾಬಿಯಾಗಿ ಹೊಳೆಯುತ್ತದಂತೆ. ಹೊಳೆದದ್ದನ್ನು ತೆಗೆಯುವುದು, ಮುಟ್ಟಿದಾಗ ಮಾತು ತಡವರಿಸಿದ ಕಡೆ ಬಿಡುವುದು. ಒಂದು ಗುಟುಕಿಗೇ ಅವರು ಮುಖ ಕಿವುಚಿದರು.

"ಲೇ, ನಿನ್ನ ಕಷಾಯಾನೇ ವಾಸಿ ಕಣೇ."

"ಸುಮ್ನೆ ಕುಡೀರಿ. ತಲೇಲಿ ಲೈಟ್ ಹತ್ತುತ್ತಂತೆ. ಈಗಲಾದ್ರೂ!"

ನಕ್ಕುಬಿಟ್ಟರು.

ಸಂಜೆ ಸರ್ಜನ್ ಬಂದು, ಹೊಳೆದದ್ದಷ್ಟನ್ನೂ ತೆಗೆದೆವು, ತೋರಿಸಿದ ಚಿತ್ರಗಳ ಹೆಸರನ್ನು ನಿಮ್ಮ ಯಜಮಾನರು ಇಂಗ್ಲಿಷಿನಲ್ಲಿ ಒಂದೂ ತಪ್ಪದೆ ಹೇಳಿದರು ಎಂದರು. ಖುಷಿಗೆ ಅಲ್ಲೇ ಅತ್ತುಬಿಟ್ಟೆ.

ಆ ಔಷಧಿ ಮೈಯಲ್ಲಿರುವಷ್ಟು ಹೊತ್ತು ಜೋರು ಬೆಳಕು ತಾಗಬಾರದು. ಮರುದಿನ ಪರದೆ ಎಳೆದ ಕೋಣೆಯಲ್ಲಿ ಪಕ್ಕ ಕೂತು, "ರೀ, ಹೇಗಿದೀರಾ?" ಎಂದೆ. ತುಟಿ ಆಡಿಸಿದರು, ಏನೂ ಬರಲಿಲ್ಲ. ಹಣೆ ಬೆವರಿತು. ಕೊನೆಗೆ, "ಐ ಆಮ್ ಫೈನ್. ಥ್ಯಾಂಕ್ ಯೂ," ಎಂದರು.

ಹದಿನೆಂಟು ವರ್ಷದ ಸಂಸಾರದಲ್ಲಿ ನನಗೆ ಒಂದು ಥ್ಯಾಂಕ್ಸ್ ಹೇಳಿದವರಲ್ಲ.

ಮೆದುಳಿನ ಊತ ಇಳಿದರೆ ಕನ್ನಡ ಬರಬಹುದು ಎಂದರು ಡಾಕ್ಟರು. ಊತ ಇಳಿದು ಎಂಟು ತಿಂಗಳಾಯಿತು. ನಾನು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಂದು ಕನ್ನಡದಲ್ಲೂ ಕೇಳಿದ್ದರೆ ಎಲ್ಲೋ ಒಂದು ಕಡೆ ತಡವರಿಸುತ್ತಿದ್ದರು, ಸರ್ಜನ್ ಅಷ್ಟನ್ನು ಮುಟ್ಟದೆ ಬಿಟ್ಟುಬಿಡುತ್ತಿದ್ದರು. ಬಿಟ್ಟ ಆ ಗಡ್ಡೆಯ ಚೂರೇ ಮತ್ತೆ ಬೆಳೆದು ಅವರನ್ನು ನುಂಗುತ್ತಿತ್ತೋ ಏನೋ. ಯಾರನ್ನು ಕೇಳಲಿ?

ನಿನ್ನೆ ಇಬ್ಬರೂ ಟ್ರ್ಯಾಮ್‌ಗೆ ಕಾಯುತ್ತಿದ್ದಾಗ ತಡೆಯಲಾರದೆ ಹೇಳಿಬಿಟ್ಟೆ: "ದುಭಾಷಿನ ಕರೆಸ್ತೀವಿ ಅಂದಿದ್ರು. ನಾನೇ ಬೇಡ ಅಂದೆ. ತಪ್ಪು ನಂದೇ ರೀ. ಬೈದುಬಿಡಿ."

ನನ್ನ ಕೈ ಹಿಡಿದು ಬಹಳ ಹೊತ್ತು ಬಾಯಿ ಆಡಿಸಿದರು. 'ಲೇ' ಎಂಬ ಆ ಒಂದಕ್ಷರಕ್ಕೆ ಜೀವ ಬಿಗಿಹಿಡಿದು ಕಾದೆ.

"ಪ್ಲೀಸ್ ಡೋಂಟ್ ಕ್ರೈ," ಎಂದರು, ಗುರುತಿಲ್ಲದವರಿಗೆ ಹೇಳುವಷ್ಟು ಮರ್ಯಾದೆಯಿಂದ.